ಆರಂಭಿಕ ಹಂತದ ಮಾನಸಿಕ ಆರೋಗ್ಯ ಸೇವೆಗೆ ಸ್ಥಳೀಯ ಸಂಸ್ಥೆಗಳ ಹಣ: ಒಂದು ವರ್ಷದ ಅನುದಾನ ಸಾಕೇ?

ಚರ್ಚೆ ಆರಂಭಿಸಿದವರು

ಎಲ್ಲರಿಗೂ ನಮಸ್ಕಾರ. ಮಾನಸಿಕ ಅಸ್ವಸ್ಥತೆಯ ಮೊದಲ ಲಕ್ಷಣಗಳು ಕಾಣಿಸಿಕೊಂಡಾಗಲೇ, ಪರಿಸ್ಥಿತಿ ಕೈಮೀರಿ ಆಸ್ಪತ್ರೆಗೆ ಸೇರಿಸಬೇಕಾಗಿ ಬರುವ ಮೊದಲೇ, ಮನೆಯ ಹತ್ತಿರದಲ್ಲಿ ನೆರವು ಸಿಗುವಂತೆ ಮಾಡುವ ಸಮುದಾಯ ಸೇವೆಗಳಿಗೆ ಸ್ಥಳೀಯ ಸಂಸ್ಥೆಗಳು ಹಣ ಕೊಡಬೇಕೆಂಬುದನ್ನು ಇಂದು ತಾತ್ವಿಕವಾಗಿ ವಿರೋಧಿಸುವವರು ಕಡಿಮೆ. ಆದರೆ ಕೊಡುವ ಹಣ ಸಾಮಾನ್ಯವಾಗಿ ಒಂದು ವರ್ಷದ ಅನುದಾನವಾಗಿರುತ್ತದೆ. ಅದು ವರ್ಷದ ನಡುವೆ ಬಿಡುಗಡೆಯಾಗುತ್ತದೆ, ವರ್ಷ ಮುಗಿಯುವುದರೊಳಗೆ ಖರ್ಚಾಗಿ ಬಳಕೆ ಪ್ರಮಾಣಪತ್ರ ಸಲ್ಲಿಕೆಯಾಗಬೇಕಾಗುತ್ತದೆ, ಮುಂದಿನ ವರ್ಷ ಬರುತ್ತದೆಯೋ ಇಲ್ಲವೋ ಎಂಬುದು ಸೇವೆ ನಡೆಸುವವರಿಗೂ ತಿಳಿದಿರುವುದಿಲ್ಲ. ಈ ಸೇವೆಯ ಮಟ್ಟಿಗೆ ಮೊತ್ತಕ್ಕಿಂತ ನಿರಂತರತೆ ಮುಖ್ಯ ಎಂಬುದು ನನ್ನ ವಾದ. ಹಲವು ವರ್ಷ ಖಚಿತವಾಗಿ ಬರುವ ಸಾಧಾರಣ ಮೊತ್ತವು, ಒಂದೇ ವರ್ಷ ಬಂದು ನಿಲ್ಲುವ ದೊಡ್ಡ ಮೊತ್ತಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಇದಕ್ಕೆ ನಾರ್ವೆಯ ರೋಗಾಲ್ಯಾಂಡ್ ಪ್ರಾಂತ್ಯದ ಅನುಭವ ಸ್ಪಷ್ಟ ಪುರಾವೆ. ಅಲ್ಲಿ 1997ರಿಂದ 2000ದವರೆಗೆ ಪತ್ರಿಕೆ, ರೇಡಿಯೊ, ಚಿತ್ರಮಂದಿರ, ಶಾಲೆ ಮತ್ತು ಕುಟುಂಬ ವೈದ್ಯರ ಮೂಲಕ ಸೈಕೋಸಿಸ್‌ನ (ಇಲ್ಲದ್ದನ್ನು ಕಾಣುವ, ಕೇಳುವ ಅಥವಾ ಗಟ್ಟಿಯಾಗಿ ನಂಬುವ, ವಾಸ್ತವದ ಅರಿವು ತಪ್ಪುವ ಸ್ಥಿತಿಯ) ಮೊದಲ ಲಕ್ಷಣಗಳ ಬಗ್ಗೆ ತಿಳಿವಳಿಕೆ ಕೊಡಲಾಯಿತು; ಜೊತೆಗೆ ಯಾರು ಬೇಕಾದರೂ ನೇರವಾಗಿ ಕರೆ ಮಾಡಬಹುದಾದ ಪತ್ತೆ ತಂಡವನ್ನು ನೇಮಿಸಲಾಯಿತು. ಲಕ್ಷಣ ಕಾಣಿಸಿಕೊಂಡ ದಿನದಿಂದ ಚಿಕಿತ್ಸೆ ಆರಂಭವಾಗುವವರೆಗಿನ ಮಧ್ಯಂಕ ಅವಧಿ (ಅರ್ಧದಷ್ಟು ಜನರಿಗೆ ಇದಕ್ಕಿಂತ ಕಡಿಮೆ, ಉಳಿದರ್ಧಕ್ಕೆ ಹೆಚ್ಚು) ಅಲ್ಲಿ 5 ವಾರಕ್ಕೆ ಇಳಿಯಿತು. ಇಂಥ ವ್ಯವಸ್ಥೆ ಇಲ್ಲದ ಹೋಲಿಕೆಯ ಪ್ರದೇಶಗಳಲ್ಲಿ ಅದು 16 ವಾರವಿತ್ತು. ಮುಂದೆ ಪ್ರಚಾರವನ್ನು ನಿಲ್ಲಿಸಲಾಯಿತು. ಪತ್ತೆ ತಂಡ ಉಳಿದಿತ್ತು, ಫೋನ್ ಸಂಖ್ಯೆಯೂ ಇತ್ತು. ಆದರೂ ಆ ಅವಧಿ ಮತ್ತೆ 15 ವಾರಕ್ಕೆ ಏರಿತು. ಒಮ್ಮೆ ಗಳಿಸಿದ ಪ್ರಯೋಜನ ತಾನಾಗಿ ಉಳಿಯುತ್ತದೆ ಎಂಬ ನಂಬಿಕೆಯ ಮೇಲೆ ಆಯವ್ಯಯ ಸಿದ್ಧಪಡಿಸುವವರು ಈ ಸಂಗತಿಯನ್ನು ಗಮನಿಸಬೇಕು. ಬೇರೆ ಬೇರೆ ಕ್ಷೇತ್ರಗಳಲ್ಲಿ ಕೆಲಸ ಮಾಡುವವರ ಅಭಿಪ್ರಾಯ ತಿಳಿಯುವ ಆಸೆ ನನಗಿದೆ.

ಲೆಕ್ಕಪತ್ರ ವಿಭಾಗದ ನಿವೃತ್ತ ಅಧಿಕಾರಿ

ನಿಮ್ಮ ವಾದವನ್ನು ಒಪ್ಪುತ್ತೇನೆ. ಆದರೆ ಹಣ ಏಕೆ ಹೀಗೆ ಬರುತ್ತದೆ ಎಂಬುದನ್ನೂ ಹೇಳಬೇಕು. ಸ್ಥಳೀಯ ಸಂಸ್ಥೆಯ ಆಯವ್ಯಯ ಪುಸ್ತಕವನ್ನು ತೆರೆದು ನೋಡಿದರೆ ಮಾನಸಿಕ ಆರೋಗ್ಯ ಎಂಬ ಪ್ರತ್ಯೇಕ ಲೆಕ್ಕಶೀರ್ಷಿಕೆ ಇರುವುದೇ ಅಪರೂಪ. ಖರ್ಚು ಯಾವುದೋ ಸಾಮಾನ್ಯ ಕಲ್ಯಾಣ ಶೀರ್ಷಿಕೆಯ ಕೆಳಗೆ, ‘ಇತರೆ’ ಎಂಬ ಸಾಲಿನಲ್ಲಿ ಅಡಗಿರುತ್ತದೆ. ಹಾಗೆ ಅಡಗಿರುವ ಸಾಲನ್ನು ವರ್ಷದ ನಡುವೆ ಆಯವ್ಯಯವನ್ನು ಪರಿಷ್ಕರಿಸುವ ಹಂತದಲ್ಲಿ ಕತ್ತರಿಸುವುದು ಬಹಳ ಸುಲಭ, ಏಕೆಂದರೆ ಅದು ಯಾರದ್ದು ಎಂದು ಕೇಳುವ ಇಲಾಖೆಯೇ ಇರುವುದಿಲ್ಲ. ಶಿಬಿರ, ಭಿತ್ತಿಪತ್ರ, ಬ್ಯಾನರ್, ಕಾರ್ಯಾಗಾರ ಇವಕ್ಕೆ ಬಿಲ್ಲು ಬರುತ್ತದೆ, ಫೋಟೊ ಲಗತ್ತಿಸಬಹುದು, ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪ ಬರುವುದಿಲ್ಲ. ಆಪ್ತಸಮಾಲೋಚಕಿಯೊಬ್ಬರ ಸಂಬಳವಾದರೆ ಪ್ರತಿ ತಿಂಗಳೂ ಬರುವ ಹೊಣೆ. ಒಮ್ಮೆ ಒಪ್ಪಿಕೊಂಡರೆ ಬಿಡುವುದು ಕಷ್ಟ. ಆದ್ದರಿಂದ ಕಚೇರಿಗಳು ಸಂಬಳದಿಂದ ದೂರ ಸರಿದು ಕಾರ್ಯಕ್ರಮಗಳತ್ತ ವಾಲುತ್ತವೆ. ಇದು ಕೆಟ್ಟ ಉದ್ದೇಶದಿಂದ ಆಗುವುದಲ್ಲ, ನಿಯಮಗಳೇ ಆ ದಿಕ್ಕಿಗೆ ತಳ್ಳುತ್ತವೆ.

ಇನ್ನೊಂದು ಕಾರಣ ಇದಕ್ಕಿಂತ ಆಳವಾದದ್ದು. ಖಿನ್ನತೆ ಮತ್ತು ಆತಂಕದ ಚಿಕಿತ್ಸೆಗೆ ಹಾಕುವ ಪ್ರತಿ ಒಂದು ಡಾಲರ್ ಸುಮಾರು ನಾಲ್ಕು ಡಾಲರ್ ಆಗಿ ಮರಳುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ 36 ದೇಶಗಳ ಮಾಹಿತಿಯನ್ನು ಆಧರಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವು ಅಂದಾಜಿಸಿತು. ಈ ಅಂಕಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಆ ನಾಲ್ಕು ಡಾಲರ್ ಯಾರ ಖಜಾನೆಗೆ ಮರಳುತ್ತದೆ? ಆಸ್ಪತ್ರೆಯ ಹಾಸಿಗೆ ಉಳಿದರೆ ಲಾಭ ಆರೋಗ್ಯ ಇಲಾಖೆಗೆ, ತುರ್ತು ಕರೆಗಳು ಕಡಿಮೆಯಾದರೆ ಪೊಲೀಸ್ ಇಲಾಖೆಗೆ, ಯುವಕ ಉದ್ಯೋಗದಲ್ಲಿ ಉಳಿದರೆ ಆದಾಯ ತೆರಿಗೆ ಪಡೆಯುವ ಸರ್ಕಾರಕ್ಕೆ. ಖರ್ಚು ಮಾತ್ರ ಸ್ಥಳೀಯ ಸಂಸ್ಥೆಯದು. ಮೇಲಿನ ಸರ್ಕಾರವು ಉಳಿತಾಯದ ಒಂದು ಪಾಲನ್ನು ಕೆಳಕ್ಕೆ ವರ್ಗಾಯಿಸುವ ಒಪ್ಪಂದವಿಲ್ಲದೆ, ಸ್ಥಳೀಯ ಸಂಸ್ಥೆಯೊಂದು ತನ್ನ ಬಲದ ಮೇಲೆಯೇ ಈ ಹೊರೆಯನ್ನು ಬಹುಕಾಲ ಹೊರುವುದೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಮನೋವೈದ್ಯೆ

ಸರ್, ನೀವು ಹೇಳಿದ ಎರಡನೆಯ ಕಾರಣಕ್ಕೆ ಒಂದು ಮಾತು ಸೇರಿಸುತ್ತೇನೆ. ಸರ್ಕಾರಗಳು ಒಟ್ಟು ಆರೋಗ್ಯ ವೆಚ್ಚದಲ್ಲಿ ಮಾನಸಿಕ ಆರೋಗ್ಯಕ್ಕೆ ಮೀಸಲಿಡುವುದು ಜಾಗತಿಕವಾಗಿ ಸುಮಾರು ಶೇ. 2 ಮಾತ್ರ, ಅದರಲ್ಲೂ ಹೆಚ್ಚಿನ ಪಾಲು ಮಾನಸಿಕ ಆಸ್ಪತ್ರೆಗಳಿಗೆ ಹೋಗುತ್ತದೆ. ಅಂದರೆ ಕಾಯಿಲೆ ಬಲಿತ ಮೇಲೆ ಖರ್ಚು ಮಾಡುವ ವ್ಯವಸ್ಥೆ ಎಲ್ಲೆಡೆ ಗಟ್ಟಿಯಾಗಿ ಬೇರೂರಿದೆ.

ಕಾಯಿಲೆ ಆರಂಭವಾಗುವ ವಯಸ್ಸನ್ನು ಗಮನಿಸಿ. ಅಮೆರಿಕದ ಸಮೀಕ್ಷೆಯನ್ನು ಆಧರಿಸಿ, ಜೀವಮಾನದ ಮಾನಸಿಕ ಅಸ್ವಸ್ಥತೆಗಳಲ್ಲಿ ಅರ್ಧದಷ್ಟು 14ನೇ ವಯಸ್ಸಿಗೇ ಶುರುವಾಗಿರುತ್ತವೆ ಎಂದು 2005ರಿಂದ ಹೇಳುತ್ತಾ ಬಂದಿದ್ದೇವೆ. 192 ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯು ಇದನ್ನು ಸ್ವಲ್ಪ ತಿದ್ದಿತು: 14ಕ್ಕಿಂತ ಮೊದಲು ಮೂರನೇ ಒಂದು ಭಾಗ, 18ಕ್ಕಿಂತ ಮೊದಲು ಸುಮಾರು ಅರ್ಧ, 25ಕ್ಕಿಂತ ಮೊದಲು ಶೇ. 62.5. ಎರಡರಲ್ಲಿ ಯಾವುದನ್ನು ಒಪ್ಪಿದರೂ ನಿರ್ಣಯ ಒಂದೇ. ಶಾಲೆ, ಕಾಲೇಜು, ಮೊದಲ ಉದ್ಯೋಗ ಈ ಮೂರರ ನಡುವೆ ಇರುವ ವಯಸ್ಸಿನವರೇ ಆಸ್ಪತ್ರೆಯಿಂದ ಅತಿ ದೂರ ಇರುವವರು, ಮತ್ತು ಆ ವಯಸ್ಸಿನವರ ಬದುಕಿಗೆ ಅತಿ ಹತ್ತಿರವಿರುವ ಸರ್ಕಾರವೆಂದರೆ ಸ್ಥಳೀಯ ಸಂಸ್ಥೆ. ಗ್ರಂಥಾಲಯ, ಆಟದ ಮೈದಾನ, ಯುವ ಕೇಂದ್ರಗಳೆಲ್ಲ ಸಾಮಾನ್ಯವಾಗಿ ಅದರ ಕೈಯಲ್ಲಿರುತ್ತವೆ.

ವಿಳಂಬ ಎಷ್ಟೆಂಬುದನ್ನು ತಿಳಿಯಲು ಒಂದು ಅಂಕಿ ಸಾಕು. ಅಮೆರಿಕದ 21 ರಾಜ್ಯಗಳ 34 ಸಮುದಾಯ ಕೇಂದ್ರಗಳಲ್ಲಿ ಮೊದಲ ಸೈಕೋಸಿಸ್‌ಗೆ ಒಳಗಾದವರ ಮೇಲೆ ನಡೆಸಿದ ಅಧ್ಯಯನದಲ್ಲಿ, ಚಿಕಿತ್ಸೆಗೆ ಬರುವ ಮೊದಲು ಕಳೆದುಹೋಗಿದ್ದ ಮಧ್ಯಂಕ ಅವಧಿ 74 ವಾರಗಳು. ಬೇಗ ಬಂದವರಿಗೆ ತಂಡದ ಸಮಗ್ರ ಚಿಕಿತ್ಸೆಯಿಂದ ಹೆಚ್ಚು ಲಾಭವಾಯಿತು, ತಡವಾಗಿ ಬಂದವರಿಗೆ ಕಡಿಮೆ. ಔಷಧ ಅದೇ, ತಂಡವೂ ಅದೇ ರೀತಿಯದು. ವ್ಯತ್ಯಾಸ ಮಾಡಿದ್ದು ಕಳೆದುಹೋದ ಕಾಲ.

ಚುನಾಯಿತ ಸದಸ್ಯರು

ಡಾಕ್ಟರ್ ಮೇಡಂ, ನಾನು ಹಣಕಾಸು ಸ್ಥಾಯಿ ಸಮಿತಿಯಲ್ಲಿದ್ದೇನೆ. ನಿಮ್ಮ ಮಾತು ಮನಸ್ಸಿಗೆ ನಾಟುತ್ತದೆ. ಆದರೆ ಸಮಿತಿಯಲ್ಲಿ ಎದುರಾಗುವ ಪ್ರಶ್ನೆಯನ್ನು ಇಲ್ಲೇ ಕೇಳುವುದು ಒಳ್ಳೆಯದು. ಡೆನ್ಮಾರ್ಕ್‌ನ ಓಪಸ್ ಎಂಬ ಪ್ರಯೋಗದಲ್ಲಿ ಮೊದಲ ಸೈಕೋಸಿಸ್‌ಗೆ ಒಳಗಾದವರಿಗೆ ಎರಡು ವರ್ಷ ತೀವ್ರ ನೆರವು ಕೊಟ್ಟಾಗ ಕಂಡ ಸುಧಾರಣೆ ಐದನೆಯ ವರ್ಷಕ್ಕೆ ಬಹುಪಾಲು ಕರಗಿಹೋಯಿತೆಂದು ಓದಿದ್ದೇನೆ. ಹಾಗಿದ್ದರೆ ರಸ್ತೆ, ಕುಡಿಯುವ ನೀರು, ಕಸ ವಿಲೇವಾರಿಯ ಹಣವನ್ನು ಇತ್ತ ತಿರುಗಿಸಿ ಎಂದು ನಾನು ಯಾವ ಧೈರ್ಯದ ಮೇಲೆ ಕೇಳಲಿ?

ಮನೋವೈದ್ಯೆ

ಬಹಳ ಸರಿಯಾದ ಪ್ರಶ್ನೆ, ಸರ್. ನೀವು ಓದಿದ್ದು ನಿಜ. ಎರಡು ವರ್ಷದ ಕೊನೆಯಲ್ಲಿ ಲಕ್ಷಣಗಳಲ್ಲಿ ಕಂಡುಬಂದ ವ್ಯತ್ಯಾಸ ಐದು ವರ್ಷದ ಹೊತ್ತಿಗೆ ಉಳಿದಿರಲಿಲ್ಲ. ಆದರೆ ಅದೇ ಐದನೆಯ ವರ್ಷದಲ್ಲಿ ಇನ್ನೊಂದು ಅಂಕಿಯೂ ದಾಖಲಾಗಿದೆ: ಸ್ವಂತ ಮನೆ ಬಿಟ್ಟು ಸಿಬ್ಬಂದಿಯ ನೆರವಿರುವ ವಸತಿಗಳಲ್ಲಿ ಇರಬೇಕಾಗಿ ಬಂದವರು ಓಪಸ್ ಗುಂಪಿನಲ್ಲಿ ಶೇ. 4, ಸಾಮಾನ್ಯ ಚಿಕಿತ್ಸೆಯ ಗುಂಪಿನಲ್ಲಿ ಶೇ. 10. ಆಸ್ಪತ್ರೆಯಲ್ಲಿ ಕಳೆದ ದಿನಗಳೂ ಓಪಸ್ ಗುಂಪಿನಲ್ಲಿ ಕಡಿಮೆ. ಒಬ್ಬ ಮನುಷ್ಯ ತನ್ನ ಮನೆಯಲ್ಲಿ, ತನ್ನವರ ನಡುವೆ ಬದುಕುತ್ತಿದ್ದಾನೋ ಇಲ್ಲವೋ ಎಂಬುದು ಸ್ಥಳೀಯ ಸಂಸ್ಥೆಗೆ ಲಕ್ಷಣಗಳ ಅಂಕಪಟ್ಟಿಗಿಂತ ದೊಡ್ಡ ಸಂಗತಿ ಎಂದು ನಾನು ಭಾವಿಸುತ್ತೇನೆ.

ತೀವ್ರ ಸೇವೆಯನ್ನೇ ಎಲ್ಲರಿಗೂ ಐದು ವರ್ಷಕ್ಕೆ ವಿಸ್ತರಿಸಿದರೆ ಆಯಿತಲ್ಲ ಎಂದು ಕೆಲವರು ಹೇಳುತ್ತಾರೆ. ಡೆನ್ಮಾರ್ಕ್‌ನವರು ಅದನ್ನೂ ಪರೀಕ್ಷಿಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾಗಿ ನಾನು ಸಮಿತಿಯ ಮುಂದೆ ಕೇಳುವುದು ಐದು ವರ್ಷದ ದುಬಾರಿ ಸೇವೆಯನ್ನಲ್ಲ. ಮೊದಲ ಎರಡು ವರ್ಷ ತೀವ್ರ ನೆರವು, ಅನಂತರ ಹಗುರವಾದ ಆದರೆ ಕಡಿಯದ ಸಂಪರ್ಕ, ಹದಗೆಟ್ಟರೆ ಮತ್ತೆ ಒಳಬರಲು ತೆರೆದ ಬಾಗಿಲು. ಇದಕ್ಕೆ ಹಣ ಹೆಚ್ಚು ಬೇಡ, ತಂಡ ಮಾತ್ರ ಅಲ್ಲೇ ಇರಬೇಕು.

ಒಬ್ಬ ತಾಯಿ

ಇಲ್ಲಿ ದೊಡ್ಡವರು ಅಂಕಿ ಅಂಶಗಳನ್ನು ಚರ್ಚಿಸುತ್ತಿದ್ದೀರಿ. ತಂಡ ಅಲ್ಲೇ ಇರುವುದು ಎಂದರೇನು ಎಂಬುದನ್ನು ನಮ್ಮ ಮನೆಯ ಕಡೆಯಿಂದ ಹೇಳುತ್ತೇನೆ. ಕಾಲೇಜಿನ ಕೊನೆಯ ವರ್ಷದಲ್ಲಿ ನನ್ನ ಮಗ ಕೋಣೆಯ ಕಿಟಕಿಗೆ ಒಳಗಿನಿಂದ ಹಳೆಯ ದಿನಪತ್ರಿಕೆಗಳನ್ನು ಅಂಟಿಸಿದ. ಮೊಬೈಲಿನ ಕ್ಯಾಮೆರಾದ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿ ಹಾಕಿದ. ಊಟದ ತಟ್ಟೆಯನ್ನು ಬಾಗಿಲಿನ ಹೊರಗೆ ಇಟ್ಟು ನಾನು ಆಚೆ ಹೋದ ಮೇಲೆ ತೆಗೆದುಕೊಳ್ಳುತ್ತಿದ್ದ. ಪರೀಕ್ಷೆಯ ಒತ್ತಡವೆಂದುಕೊಂಡೆವು, ಆಮೇಲೆ ದೆವ್ವದ ಕಾಟವೆಂದರು, ಕೊನೆಗೆ ಸಮುದಾಯ ಕೇಂದ್ರದ ಆಪ್ತಸಮಾಲೋಚಕಿಯೊಬ್ಬರು ಮನೆಗೆ ಬಂದರು. ಮೊದಲ ಕೆಲವು ಭೇಟಿಗಳಲ್ಲಿ ಅವರು ಬಾಗಿಲಿನ ಹೊರಗೆ ನೆಲದ ಮೇಲೆ ಕುಳಿತು, ಉತ್ತರ ಬಾರದಿದ್ದರೂ ಮೆಲ್ಲನೆ ಮಾತಾಡಿ ಹೋದರು. ಒಂದು ದಿನ ಅವನು ಒಳಗಿನಿಂದಲೇ ಅವರ ಹೆಸರು ಕೇಳಿದ. ಅಲ್ಲಿಂದ ಮುಂದೆ ವೈದ್ಯರ ಬಳಿಗೆ ಹೋಗಲು, ಮಾತ್ರೆ ತೆಗೆದುಕೊಳ್ಳಲು ಅವನು ಒಪ್ಪಿದ್ದು ಆ ಹೆಣ್ಣುಮಗಳ ಮೇಲಿನ ನಂಬಿಕೆಯಿಂದ.

ಆರ್ಥಿಕ ವರ್ಷ ಮುಗಿದಾಗ ಅವರ ಗುತ್ತಿಗೆಯೂ ಮುಗಿಯಿತು. ಕೆಲವು ತಿಂಗಳು ಯಾರೂ ಇರಲಿಲ್ಲ. ಆಮೇಲೆ ಬಂದವರು ಒಳ್ಳೆಯವರೇ, ಆದರೆ ಹೊಸ ಅರ್ಜಿ ನಮೂನೆ ತೆಗೆದು ‘ತೊಂದರೆ ಯಾವಾಗ ಶುರುವಾಯಿತು’ ಎಂಬ ಮೊದಲ ಪ್ರಶ್ನೆಯಿಂದ ಆರಂಭಿಸಿದರು. ನನ್ನ ಮಗ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಮಾತ್ರೆಯನ್ನೂ ಬಿಟ್ಟ. ಅವನು ಮತ್ತೆ ದಾರಿಗೆ ಬರಲು ಬಹಳ ಕಾಲ ಹಿಡಿಯಿತು. ಇದರಲ್ಲಿ ಯಾವ ವ್ಯಕ್ತಿಯನ್ನೂ ದೂರುವುದಿಲ್ಲ. ಆದರೆ ಆ ಒಂದು ಹುದ್ದೆಯನ್ನು ಮುಂದುವರಿಸುವ ಆದೇಶ ಸಮಯಕ್ಕೆ ಸರಿಯಾಗಿ ಬಂದಿದ್ದರೆ ಅಷ್ಟೂ ಸಂಕಟ ತಪ್ಪುತ್ತಿತ್ತೆಂಬುದನ್ನು ಸಮಿತಿಯಲ್ಲಿರುವವರು ತಿಳಿದುಕೊಳ್ಳಲಿ.

ಸಮುದಾಯ ಆರೋಗ್ಯ ಕಾರ್ಯಕರ್ತೆ

ಅಮ್ಮ, ನೀವು ಬರೆದದ್ದನ್ನು ಓದಿ ನಮ್ಮ ಸಹೋದ್ಯೋಗಿಗಳೆಲ್ಲರೂ ಇಂಥದೇ ಅನುಭವಗಳನ್ನು ನೆನೆದರು. ಗುತ್ತಿಗೆ ಮುಗಿಯುವ ತಿಂಗಳು ಹತ್ತಿರವಾದಾಗ ನಾವು ಹೊಸಬರನ್ನು ಸೇರಿಸಿಕೊಳ್ಳಲು ಹಿಂಜರಿಯುತ್ತೇವೆ. ಅರ್ಧದಲ್ಲಿ ಕೈಬಿಡಬೇಕಾಗುತ್ತದೆ ಎಂಬ ಭಯ. ಹೀಗೆ ವರ್ಷದ ಕೊನೆಯ ಭಾಗ ವ್ಯರ್ಥವಾಗುತ್ತದೆ, ಹಣ ತಡವಾಗಿ ಬಿಡುಗಡೆಯಾಗುವುದರಿಂದ ಮೊದಲ ಭಾಗವೂ ವ್ಯರ್ಥವಾಗುತ್ತದೆ.

ಸ್ಥಳೀಯ ಸಂಸ್ಥೆಗಳಿಂದ ಇದು ಸಾಧ್ಯವೇ ಎಂದು ಕೇಳುವವರಿಗೆ ಜಿಂಬಾಬ್ವೆಯ ಹರಾರೆ ನಗರದ ‘ಫ್ರೆಂಡ್‌ಶಿಪ್ ಬೆಂಚ್’ ಅನ್ನು ತೋರಿಸಬೇಕು. 2006ರಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ 14 ಅಜ್ಜಿಯರೊಂದಿಗೆ ಅದನ್ನು ಆರಂಭಿಸಿದರು. ನಗರಾಡಳಿತದ ಚಿಕಿತ್ಸಾಲಯಗಳ ಆವರಣದಲ್ಲಿ ಒಂದು ಮರದ ಬೆಂಚು, ತರಬೇತಿ ಪಡೆದ ಅಜ್ಜಿ, ಸಮಸ್ಯೆಯನ್ನು ಒಂದೊಂದಾಗಿ ಬಿಡಿಸಿ ನೋಡುವ ಕೆಲವು ಭೇಟಿಗಳು. 24 ಚಿಕಿತ್ಸಾಲಯಗಳಲ್ಲಿ 573 ಜನರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾದಾಗ, ಆರು ತಿಂಗಳ ನಂತರವೂ ಬೆಂಚಿನ ನೆರವು ಪಡೆದವರ ಖಿನ್ನತೆ ಮತ್ತು ಆತಂಕದ ಲಕ್ಷಣಗಳು ಸಾಮಾನ್ಯ ಚಿಕಿತ್ಸೆ ಪಡೆದವರಿಗಿಂತ ಗಮನಾರ್ಹವಾಗಿ ಕಡಿಮೆ ಇದ್ದವು. ಇದನ್ನು ‘ಅಗ್ಗದ ಮಾದರಿ’ ಎಂದಷ್ಟೇ ಹೊಗಳುವವರು ಒಂದು ಅಂಶವನ್ನು ಮರೆಯುತ್ತಾರೆ. ಆ ಅಜ್ಜಿಯರು ಒಂದು ಕಾರ್ಯಕ್ರಮಕ್ಕೆಂದು ಹೊರಗಿನಿಂದ ಬಂದು ಹೋದವರಲ್ಲ; ನಗರದ ಆರೋಗ್ಯ ವಿಭಾಗದಲ್ಲಿ ಮೊದಲಿನಿಂದಲೂ ಕೆಲಸ ಮಾಡುತ್ತಿದ್ದ ಕಾರ್ಯಕರ್ತೆಯರು, ಅದೇ ಬಡಾವಣೆಗಳಲ್ಲಿ ಬದುಕಿದವರು, ಮೇಲ್ವಿಚಾರಣೆಗೆ ತಜ್ಞರಿದ್ದವರು. ಕರ್ನಾಟಕದಲ್ಲೇ 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನಡೆಸಿದ ಪ್ರಯೋಗವು ಮುಂದೆ 1996ರಲ್ಲಿ ಆರಂಭವಾದ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅದೂ ಆಗಲೇ ಊರಲ್ಲಿದ್ದ ಸಿಬ್ಬಂದಿಯನ್ನೇ ನೆಚ್ಚಿಕೊಂಡಿತ್ತು. ಇಂಥ ಮಾದರಿಗಳನ್ನು ತೋರಿಸಿ ಕಾರ್ಯಕರ್ತೆಯರಿಂದ ಪುಕ್ಕಟೆ ಕೆಲಸ ಮಾಡಿಸುವ ಯೋಚನೆ ಯಾರಿಗೂ ಬಾರದಿರಲಿ.

ಚುನಾಯಿತ ಸದಸ್ಯರು

ತಾಯಿಯವರ ಮಾತನ್ನು ಸಮಿತಿಯ ಮುಂದೆ, ಅವರ ಗುರುತು ಹೇಳದೆ, ಇಡಲು ಅನುಮತಿ ಕೋರುತ್ತೇನೆ. ಈಗ ನನಗೆ ಬೇಕಾದದ್ದು ಹಣದ ಮೂಲ. ಪ್ರತ್ಯೇಕ ತೆರಿಗೆ ಅಥವಾ ಉಪಕರ ಹಾಕಿದರೆ ನಿರಂತರತೆ ಸಿಗುತ್ತದೆಯೇ?

ಲೆಕ್ಕಪತ್ರ ವಿಭಾಗದ ನಿವೃತ್ತ ಅಧಿಕಾರಿ

ಅರ್ಧ ಮಾತ್ರ ಸಿಗುತ್ತದೆ. ಕ್ಯಾಲಿಫೋರ್ನಿಯಾದ ಮತದಾರರು 2004ರಲ್ಲಿ, ವರ್ಷಕ್ಕೆ 10 ಲಕ್ಷ ಡಾಲರ್‌ಗಿಂತ ಹೆಚ್ಚಿನ ವೈಯಕ್ತಿಕ ಆದಾಯದ ಮೇಲೆ ಶೇ. 1ರಷ್ಟು ಹೆಚ್ಚುವರಿ ತೆರಿಗೆಗೆ ಒಪ್ಪಿಗೆ ಕೊಟ್ಟರು. ಆ ಹಣ ಕೌಂಟಿಗಳಿಗೆ (ನಮ್ಮ ಜಿಲ್ಲೆಗಳಂಥ ಸ್ಥಳೀಯ ಆಡಳಿತಗಳಿಗೆ) ಹೋಗುತ್ತಿತ್ತು, ಅದರಲ್ಲಿ ಸುಮಾರು ಐದನೇ ಒಂದು ಭಾಗವನ್ನು ತಡೆಗಟ್ಟುವಿಕೆ ಮತ್ತು ಆರಂಭಿಕ ನೆರವಿಗೆ ಮೀಸಲಿಡಬೇಕಿತ್ತು. ಹೀಗೆ ಹಣ ಮೀಸಲಿಟ್ಟಿದ್ದರಿಂದ ಆರಂಭಿಕ ಸೇವೆಗಳು ಬೆಳೆದವು ನಿಜ. ಆದರೆ ಅತಿ ಶ್ರೀಮಂತರ ಆದಾಯ ಷೇರುಪೇಟೆಯೊಂದಿಗೆ ಏರಿಳಿಯುವುದರಿಂದ ತೆರಿಗೆಯೂ ಏರಿಳಿಯಿತು. ಮುಂದಿನ ವರ್ಷದ ಭಯದಿಂದ ಕೌಂಟಿಗಳು ಹಣವನ್ನು ಖರ್ಚು ಮಾಡದೆ ಉಳಿಸಿಕೊಂಡವು, ರಾಜ್ಯದ ಲೆಕ್ಕ ಪರಿಶೋಧಕರು 2018ರಲ್ಲಿ ಅದಕ್ಕೆ ಆಕ್ಷೇಪ ಎತ್ತಿದರು. 2024ರಲ್ಲಿ ಮತ್ತೊಂದು ಮತದಾನದ ಮೂಲಕ ಹಂಚಿಕೆಯನ್ನೇ ಬದಲಿಸಿ ವಸತಿಗೆ ದೊಡ್ಡ ಪಾಲು ಕೊಡಲಾಯಿತು. ತೆರಿಗೆ ಪ್ರತ್ಯೇಕವಾಗಿದ್ದರೆ ಸಾಲದು, ಅದರ ಮೂಲ ಸ್ಥಿರವಾಗಿರಬೇಕು. ಅಮೆರಿಕದ್ದೇ ಇಲಿನಾಯ್ ರಾಜ್ಯದ ಹಲವು ಕಡೆ ಸ್ಥಳೀಯ ಜನರು ಮತದಾನದ ಮೂಲಕ ಆಸ್ತಿ ತೆರಿಗೆಯ ಒಂದು ಸಣ್ಣ ಭಾಗವನ್ನು ಮಾನಸಿಕ ಆರೋಗ್ಯ ಮಂಡಳಿಗೆ ಮೀಸಲಿಡುವ ಪದ್ಧತಿ ಇದೆ. ಆಸ್ತಿ ತೆರಿಗೆ ನಿಧಾನವಾಗಿ ಬೆಳೆಯುತ್ತದೆ, ಆದರೆ ಏಕಾಏಕಿ ಕುಸಿಯುವುದು ಅಪರೂಪ. ಸಂಬಳದಂಥ ಖರ್ಚಿಗೆ ಹೊಂದುವ ಗುಣ ಅದು.

ಚರ್ಚೆ ಆರಂಭಿಸಿದವರು

ಕಚೇರಿಗಳು ಸಂಬಳ ಬಿಟ್ಟು ಭಿತ್ತಿಪತ್ರದತ್ತ ವಾಲುತ್ತವೆ ಎಂದು ಅಧಿಕಾರಿಯವರು ಮೊದಲು ಹೇಳಿದರಲ್ಲ, ಆ ಭಿತ್ತಿಪತ್ರದ ಬಗ್ಗೆ ಮಾತ್ರ ನನ್ನ ಭಿನ್ನಾಭಿಪ್ರಾಯ ದಾಖಲಾಗಲಿ. ರೋಗಾಲ್ಯಾಂಡ್‌ನಲ್ಲಿ ನಿಂತದ್ದು ಪ್ರಚಾರವೇ, ತಂಡವಲ್ಲ. ಆದ್ದರಿಂದ ಪ್ರಚಾರದ ಹಣವನ್ನು ಕಿತ್ತು ಸಂಬಳಕ್ಕೆ ಕೊಡಿ ಎಂದು ನಾನು ಹೇಳಲಾರೆ. ನಾನು ವಿರೋಧಿಸುವುದು ಕರೆ ಸ್ವೀಕರಿಸಲು ಯಾರೂ ಇಲ್ಲದ ಕಡೆ ಅಂಟಿಸುವ ಭಿತ್ತಿಪತ್ರವನ್ನು.

ಸದಸ್ಯರು ಸಮಿತಿಯ ಮುಂದೆ ಇಡುವ ಠರಾವಿನಲ್ಲಿ ಇರಬೇಕಾದದ್ದನ್ನು ಹೀಗೆ ಸೂಚಿಸುತ್ತೇನೆ. ಆರಂಭಿಕ ಸೇವೆಗೆ ಸ್ವಂತ ಲೆಕ್ಕಶೀರ್ಷಿಕೆ ಇರಲಿ, ಹುದ್ದೆಗಳ ಸಂಬಳ ಅದರೊಳಗೆ ಪ್ರತ್ಯೇಕ ಸಾಲಾಗಿರಲಿ. ಬದ್ಧತೆ ಕನಿಷ್ಠ ಮೂರು ವರ್ಷದ್ದಾಗಿದ್ದು, ಪ್ರತಿ ವರ್ಷ ಪರಿಶೀಲಿಸಿ ಇನ್ನೊಂದು ವರ್ಷ ಸೇರಿಸುವಂತಿರಲಿ. ಆಗ ಸೇವೆಯ ಎದುರಿಗೆ ಯಾವಾಗಲೂ ಮೂರು ವರ್ಷದ ಖಚಿತತೆ ಇರುತ್ತದೆ. ಸಾಧನೆಯನ್ನು ಅಳೆಯಲು ಶಿಬಿರಗಳ ಸಂಖ್ಯೆ ಬೇಡ, ಕಾಯುವ ಅವಧಿ ಬೇಕು. ಇಂಗ್ಲೆಂಡ್‌ನಲ್ಲಿ 2016ರಿಂದ, ಮೊದಲ ಸೈಕೋಸಿಸ್ ಶಂಕೆಯಿಂದ ರೆಫರ್ ಆದವರಲ್ಲಿ ಕನಿಷ್ಠ ಅರ್ಧದಷ್ಟು ಜನರಿಗೆ ಎರಡು ವಾರದೊಳಗೆ ಚಿಕಿತ್ಸೆ ಆರಂಭವಾಗಬೇಕೆಂಬ ಮಾನದಂಡ ಜಾರಿಗೆ ಬಂತು. ಮುಂದೆ ಅದನ್ನು ಶೇ. 60ಕ್ಕೆ ಏರಿಸಲಾಯಿತು. ಅಂಥ ಒಂದು ಅಂಕಿಯನ್ನು ಪ್ರತಿ ಮೂರು ತಿಂಗಳಿಗೊಮ್ಮೆ ಸಭೆಯ ಮುಂದೆ ಇಟ್ಟರೆ, ಹಣ ಕತ್ತರಿಸಿದಾಗ ಏನಾಗುತ್ತದೆಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ.

ಲೆಕ್ಕಪತ್ರ ವಿಭಾಗದ ನಿವೃತ್ತ ಅಧಿಕಾರಿ

ಒಂದು ತಿದ್ದುಪಡಿ. ಇಂದಿನ ಚುನಾಯಿತ ಸಭೆಗೆ ಮುಂದಿನ ಚುನಾಯಿತ ಸಭೆಯ ಆಯವ್ಯಯವನ್ನು ಸಾಮಾನ್ಯವಾಗಿ ಕಟ್ಟಿಹಾಕಲು ಬರುವುದಿಲ್ಲ. ಆದ್ದರಿಂದ ಬರೀ ಠರಾವನ್ನು ನೆಚ್ಚಿಕೊಳ್ಳದೆ, ಸೇವೆ ನಡೆಸುವ ಸಂಸ್ಥೆಯೊಂದಿಗೆ ಬಹುವಾರ್ಷಿಕ ಒಪ್ಪಂದ ಮಾಡಿಕೊಳ್ಳಿ. ರದ್ದು ಮಾಡಬೇಕಾದರೆ ಕನಿಷ್ಠ ಆರು ತಿಂಗಳ ನೋಟಿಸ್ ಇರಬೇಕೆಂದು ಅದರಲ್ಲಿ ಬರೆಯಿಸಿ, ಆ ಆರು ತಿಂಗಳ ಸಂಬಳಕ್ಕೆ ಸಾಕಾಗುವ ಮೊತ್ತವನ್ನು ಮೊದಲ ವರ್ಷವೇ ಮೀಸಲು ನಿಧಿಯಾಗಿ ತೆಗೆದಿಡಿ. ಖರ್ಚಾಗದೆ ಉಳಿದ ಹಣ ಮುಂದಿನ ವರ್ಷಕ್ಕೆ ಸಾಗುವಂತಿರಲಿ, ಆದರೆ ಅದಕ್ಕೊಂದು ಮಿತಿಯೂ ಇರಲಿ. ಇಲ್ಲದಿದ್ದರೆ ಕ್ಯಾಲಿಫೋರ್ನಿಯಾದ ತೊಂದರೆಯೇ ನಮಗೂ ಬರುತ್ತದೆ.

ಒಬ್ಬ ತಾಯಿ

ನಮ್ಮ ಅನುಭವವನ್ನು ಸಮಿತಿಯಲ್ಲಿ ಹೇಳಲು ನನ್ನ ಒಪ್ಪಿಗೆ ಇದೆ. ಮಗನನ್ನೂ ಕೇಳಿದೆ, ಅವನೂ ಒಪ್ಪಿದ್ದಾನೆ. ಒಂದು ಬೇಡಿಕೆ ಸೇರಿಸಿ. ಕೆಲಸಗಾರರು ಬದಲಾಗುವುದು ಅನಿವಾರ್ಯವಾದರೆ, ಹಳಬರು ಹೊಸಬರನ್ನು ಮನೆಗೆ ಕರೆತಂದು ಪರಿಚಯಿಸಿ, ಕೆಲವು ಭೇಟಿಗಳನ್ನು ಇಬ್ಬರೂ ಜೊತೆಯಾಗಿ ಮಾಡಲಿ.

ಲೆಕ್ಕಪತ್ರ ವಿಭಾಗದ ನಿವೃತ್ತ ಅಧಿಕಾರಿ

ಅಮ್ಮ, ಇದನ್ನು ಖಂಡಿತ ಸೇರಿಸಬಹುದು, ಆದರೆ ಎಚ್ಚರಿಕೆಯಿಂದ ಬರೆಯಬೇಕು. ಒಂದೇ ಹುದ್ದೆಗೆ ಒಂದೇ ತಿಂಗಳಲ್ಲಿ ಇಬ್ಬರಿಗೆ ಸಂಬಳ ಪಾವತಿಯಾದರೆ ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪ ಬಂದೇ ಬರುತ್ತದೆ, ಆ ಭಯಕ್ಕೆ ಯಾವ ಅಧಿಕಾರಿಯೂ ಸಹಿ ಹಾಕುವುದಿಲ್ಲ. ಸದಸ್ಯರು ಮಂಜೂರಾತಿ ಆದೇಶದಲ್ಲೇ ‘ಹಸ್ತಾಂತರದ ಅವಧಿಯಲ್ಲಿ ಗರಿಷ್ಠ ಎರಡು ತಿಂಗಳವರೆಗೆ ಒಂದು ಹುದ್ದೆಗೆ ಇಬ್ಬರ ವೇತನವನ್ನು ಪಾವತಿಸಲು ಅನುಮತಿ ಇರುತ್ತದೆ’ ಎಂಬ ವಾಕ್ಯವನ್ನು ಹಾಕಿಸಲಿ, ಅದರ ಮೊತ್ತವನ್ನು ಸಂಬಳದ ಸಾಲಿನಲ್ಲೇ ತೋರಿಸಲಿ. ಕರಡು ಸಿದ್ಧವಾದಾಗ ಇಲ್ಲಿ ಹಾಕಿ, ಸಮಿತಿಗೆ ಹೋಗುವ ಮೊದಲು ಲೆಕ್ಕದ ಭಾಗವನ್ನು ನಾನು ಓದಿ ಕೊಡುತ್ತೇನೆ.